ಜಾರಿ ಬಿದ್ದವಳಲ್ಲ ನಮ್ಮ ಚಿಕ್ಕಮ್ಮ

ಆ ಡಾಕ್ಯುಮೆಂಟರಿಯ ಸುದ್ದಿ ಮೊದಲು ನನ್ನ ಕಿವಿಗೆ ಬಿದ್ದದ್ದು ಶಾಲೆಯ ಸ್ಟಾಫ್ ರೂಮಿನಲ್ಲಿ. ಅರಸೀಕೆರೆಯ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಗಣಿತದ ಮೇಡಂ ಊಟದ ಡಬ್ಬಿ ಮುಚ್ಚುತ್ತಾ, "ನಿಜವಾಗ್ಲೂ ನಡೆದಿದ್ದು ಕಣ್ರೀ. ಗಂಡಾನೇ ಹೆಂಡತೀನ ಕೊಂದಿರ್ತಾನೆ. ಅದನ್ನ ನೋಡಿ ನಾನಂತೂ ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ" ಎಂದರು. ಪಕ್ಕದಲ್ಲಿದ್ದವರೊಬ್ಬರು, "ಕೊನೆಗೆ ಸಿಕ್ಕಿಬೀಳ್ತಾನೋ ಇಲ್ವೋ, ಅದೊಂದು ಹೇಳಿಬಿಡಿ" ಎಂದರು. ಎಲ್ಲರೂ ನಕ್ಕೆವು.

ಕೊಲೆಯ ಕಥೆಗಳನ್ನು ಕಡಲೆಕಾಯಿ ತಿನ್ನುತ್ತಾ ನೋಡುವುದು ನನಗೆ ಯಾವತ್ತೂ ಹಿಡಿಸಿದ್ದಲ್ಲ. ಸತ್ತವರ ಮನೆಯವರು ಎಲ್ಲೋ ಇರುತ್ತಾರಲ್ಲ ಎನಿಸುತ್ತದೆ. ಆದರೂ ಮುಂದಿನ ಭಾನುವಾರ ಊಟವಾದ ಮೇಲೆ ಮಗಳು ಏನಾದರೂ ಹಾಕುತ್ತೇನೆ ಎಂದಾಗ ಅದರ ಹೆಸರನ್ನೇ ಹೇಳಿದೆ. ಮಗಳು ಪಿಯುಸಿ ಓದುತ್ತಾಳೆ. ಮೊಬೈಲಿನಿಂದ ಟಿವಿಗೆ ಜೋಡಿಸುವುದೆಲ್ಲ ಅವಳ ಕೆಲಸ. ನನ್ನ ಗಂಡ ಯಾವುದೋ ಗೃಹಪ್ರವೇಶಕ್ಕೆ ಹೋಗಿದ್ದರು. ಅಪ್ಪ ತೀರಿಕೊಂಡ ಮೇಲೆ ನಮ್ಮ ಜೊತೆಯೇ ಇರುವ ಅಮ್ಮ ಒಳಗೆ ಮಂಚದ ಮೇಲೆ ಅಡ್ಡಾಗಿದ್ದಳು.

ಉತ್ತರದ ಬೆಟ್ಟದ ಸೀಮೆಯ ಒಂದು ಚಿಕ್ಕ ಊರು. ಅಲ್ಲಿ ತರಕಾರಿ ಮಾರುವ ಒಬ್ಬ ಹೆಂಗಸು. ಮದುವೆಯಾಗಿ ಹೋದ ಅವಳ ಮಗಳು ಕಾಣೆಯಾಗುತ್ತಾಳೆ. ಯಾರದೋ ಜೊತೆ ಓಡಿಹೋದಳು ಎಂದು ಗಂಡ ಹೇಳುತ್ತಾನೆ, ಊರು ನಂಬುತ್ತದೆ. ತಾಯಿ ಮಾತ್ರ ನಂಬುವುದಿಲ್ಲ. ಕೊನೆಗೆ ಕಲ್ಲಿನ ಕ್ವಾರಿಯೊಂದರಲ್ಲಿ ಮಗಳ ಹೆಣ ಸಿಗುತ್ತದೆ. ಅಲ್ಲಿಂದ ವರ್ಷಗಟ್ಟಲೆ ಆ ತಾಯಿ ಸ್ಟೇಷನ್ನು, ಕೋರ್ಟು ಎಂದು ಅಲೆಯುತ್ತಾಳೆ. ಕಥೆ ಇಷ್ಟೇ. ಆದರೆ ಆ ಚಿತ್ರ ತೆಗೆದವರಿಗೆ ಅವಸರವಿರಲಿಲ್ಲ. ಎದೆ ನಡುಗಿಸುವ ಸಂಗೀತ ಹಾಕಿರಲಿಲ್ಲ, ಕೊಲೆಯನ್ನು ನಟಿಸಿ ತೋರಿಸಿರಲಿಲ್ಲ. ಆ ತಾಯಿ ಮಂಚದ ಮೇಲೆ ಕೂತು ಬಟಾಣಿ ಬಿಡಿಸುತ್ತಾ ಮಾತಾಡುತ್ತಾಳೆ. ಮಧ್ಯದಲ್ಲಿ ಮಾತು ನಿಲ್ಲುತ್ತದೆ. ಕ್ಯಾಮೆರಾ ಅಲ್ಲೇ ಕಾಯುತ್ತದೆ. ಅವಳು ಇನ್ನೊಂದು ಬಟಾಣಿ ಬಿಡಿಸಿ, "ಕೋಪ ಬಂದ ದಿನ ಅವಳು ಸಾರಿಗೆ ಉಪ್ಪು ಜಾಸ್ತಿ ಹಾಕುತ್ತಿದ್ದಳು. ನಾವು ಸುಮ್ಮನೆ ಉಣ್ಣುತ್ತಿದ್ದೆವು" ಎನ್ನುತ್ತಾಳೆ.

ನಾನು ಅತ್ತದ್ದು ಅಲ್ಲಿ. ಹೆಣ ಸಿಕ್ಕಾಗ ಅಲ್ಲ.

ಅಷ್ಟರಲ್ಲಿ ಅಮ್ಮ ಬಾಗಿಲಲ್ಲಿ ಬಂದು ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ ಗೊತ್ತಿಲ್ಲ.

"ಆ ಹೆಂಗ್ಸು ಏನಂತೈತೆ?" ಎಂದು ಕೇಳಿದಳು.

ಅಮ್ಮನಿಗೆ ಹಿಂದಿ ಬಾರದು. ಕೆಳಗೆ ಇಂಗ್ಲಿಷಿನಲ್ಲಿ ಬರುತ್ತಿದ್ದುದನ್ನು ಮಗಳು ಕನ್ನಡದಲ್ಲಿ ಓದಿ ಹೇಳತೊಡಗಿದಳು. ಅಮ್ಮ ಮೊದಲು ನಿಂತೇ ಕೇಳಿದಳು, ಆಮೇಲೆ ಕುರ್ಚಿಯ ತುದಿಯಲ್ಲಿ ಕೂತಳು. ಮದುವೆಯ ಹಳೇ ವಿಡಿಯೋ ಒಂದನ್ನು ಚಿತ್ರದಲ್ಲಿ ತೋರಿಸುತ್ತಾರೆ. ಮದುವಣಗಿತ್ತಿ ಸೆರಗು ಎಡವಿ ಬೀಳುವ ಹಾಗಾಗಿ, ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿ, ಕ್ಯಾಮೆರಾ ಕಡೆ ತಿರುಗಿ ಬಾಯಿ ತುಂಬಾ ನಗುತ್ತಾಳೆ. ಅದನ್ನು ನೋಡಿ ಅಮ್ಮನ ಬಾಯಿಂದ ಒಂದು ಸದ್ದು ಬಂತು. ನಗುವೋ ಅಳುವೋ ತಿಳಿಯಲಿಲ್ಲ.

"ನಿಲ್ಲಿಸ್ಲಾ ಅಜ್ಜಿ?" ಎಂದಳು ಮಗಳು.

"ಬ್ಯಾಡ. ಓದು."

ಕೊನೆಗೆ ತೀರ್ಪು ಬರುತ್ತದೆ, ಗಂಡನಿಗೆ ಶಿಕ್ಷೆಯಾಗುತ್ತದೆ. ಕೋರ್ಟಿನ ಮೆಟ್ಟಿಲ ಮೇಲೆ ನಿಂತ ತಾಯಿಯನ್ನು ಕ್ಯಾಮೆರಾ ಹಿಂದಿನಿಂದ ಯಾರೋ, ಈಗ ನಿಮಗೆ ಏನನ್ನಿಸುತ್ತಿದೆ ಎಂದು ಕೇಳುತ್ತಾರೆ. ಅವಳು ತುಂಬ ಹೊತ್ತು ಅವರನ್ನೇ ನೋಡುತ್ತಾಳೆ. ಆಮೇಲೆ, ಬೆಳಗಿನಿಂದ ನನ್ನ ಜೊತೆ ಅಲೆಯುತ್ತಾ ಇದ್ದೀರಲ್ಲ, ಏನಾದರೂ ತಿಂದಿರಾ ಎಂದು ಕೇಳುತ್ತಾಳೆ. ಆ ಮಾತನ್ನು ಮಗಳು ಎರಡು ಸಲ ಓದಿದಳು.

ಟಿವಿ ಆರಿಸಿದ ಮೇಲೂ ಅಮ್ಮ ಎದ್ದಿರಲಿಲ್ಲ. ನಾನು ಕಾಫಿ ತಂದು ಕೊಟ್ಟೆ. ಲೋಟ ಕೈಯಲ್ಲಿ ಹಿಡಿದುಕೊಂಡು, ನನ್ನ ಕಡೆ ನೋಡದೆ ಅಮ್ಮ ಹೇಳಿದಳು: "ನಿಮ್ ಚಿಕ್ಕಮ್ಮ ಜಾರಿ ಬೀಳ್ಲಿಲ್ಲ ಕಣೇ."

ಚಿಕ್ಕಮ್ಮ ಅಮ್ಮನ ತಂಗಿ. ಗಂಡಸಿ ಎಂಬ ಊರಿನ ತವರುಮನೆಯಲ್ಲಿ ಅಮ್ಮ ಹಿರಿಯಳು, ಚಿಕ್ಕಮ್ಮ ಕೊನೆಯವಳು. ನಡುವೆ ಹುಟ್ಟಿದವು ಉಳಿದಿರಲಿಲ್ಲ. ಅಜ್ಜಿ ಕಾಯಿಲೆಯವಳಾಗಿದ್ದರಿಂದ ಚಿಕ್ಕಮ್ಮನನ್ನು ಎತ್ತಿ ಆಡಿಸಿದವಳು, ತಲೆ ಬಾಚಿದವಳು ಅಮ್ಮನೇ. ಅಮ್ಮ ಮದುವೆಯಾಗಿ ಅರಸೀಕೆರೆಗೆ ಬಂದ ಮೇಲೆ, ಹೊಲಿಗೆ ಕಲಿಯುವ ನೆಪದಲ್ಲಿ ಚಿಕ್ಕಮ್ಮನೂ ಬಂದು ನಮ್ಮ ಮನೆಯಲ್ಲೇ ಇದ್ದಳು. ನಾನಾಗ ಪ್ರೈಮರಿ ಶಾಲೆಯ ಹುಡುಗಿ. ರಾತ್ರಿ ಅವಳ ಪಕ್ಕದಲ್ಲೇ ನನ್ನ ಹಾಸಿಗೆ.

ನಮ್ಮ ಮನೆಗೆ ರೈಲ್ವೆ ಸ್ಟೇಷನ್ ಹತ್ತಿರ. ಅಲ್ಲಿನ ಅನೌನ್ಸ್‌ಮೆಂಟು ಗಾಳಿ ನಮ್ಮ ಕಡೆ ಬೀಸಿದಾಗ ಕೇಳುತ್ತಿತ್ತು. ಚಿಕ್ಕಮ್ಮ ಮೂಗು ಹಿಡಿದುಕೊಂಡು ಅದೇ ದನಿಯಲ್ಲಿ, "ಪ್ರಯಾಣಿಕರ ಗಮನಕ್ಕೆ. ಅಡುಗೆಮನೆಯಿಂದ ಹೊರಡಬೇಕಿದ್ದ ಅಕ್ಕನ ಉಪ್ಪಿಟ್ಟು ಅರ್ಧ ಗಂಟೆ ತಡವಾಗಿ ಬರಲಿದೆ" ಎನ್ನುತ್ತಿದ್ದಳು. ಬಹಳ ಗಂಭೀರ ಮನುಷ್ಯನಾಗಿದ್ದ ಅಪ್ಪ ಕೂಡ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದ.

ಅವಳನ್ನು ಬೇಲೂರು ಕಡೆಯ ಬಿಕ್ಕೋಡಿನಿಂದ ಆಚೆ ಒಂದು ಊರಿಗೆ ಕೊಟ್ಟರು. ಹುಡುಗ ಕಾಫಿ ತೋಟವೊಂದರಲ್ಲಿ ರೈಟರು, ಅಂದರೆ ಆಳುಗಳ ಹಾಜರಿ ಬರೆಯುವವನು. ಒಂದು ಹೆಣ್ಣು ಮಗುವಾಯಿತು. ಆ ಮಗು ಇನ್ನೂ ಸರಿಯಾಗಿ ಮಾತು ಕಲಿತಿರಲಿಲ್ಲ, ಚಿಕ್ಕಮ್ಮ ಬಾವಿಯಲ್ಲಿ ನೀರು ಸೇದಲು ಹೋಗಿ ಕಾಲು ಜಾರಿ ಬಿದ್ದು ತೀರಿಕೊಂಡಳು. ನನಗೆ ಗೊತ್ತಿದ್ದದ್ದು ಇಷ್ಟು. ಅದಾದ ಮೇಲೆ ನಮ್ಮ ಮನೆಯಲ್ಲಿ ಅವಳ ಹೆಸರನ್ನು ಯಾರೂ ಎತ್ತಲಿಲ್ಲ. ಎತ್ತಲೇಬೇಕಾದಾಗ 'ಅವಳು' ಎನ್ನುತ್ತಿದ್ದರು. ಮಕ್ಕಳಾದ ನಮಗೂ ಅದು ಅಭ್ಯಾಸವಾಯಿತು.

ಆ ಭಾನುವಾರ ಅಮ್ಮ ಉಳಿದದ್ದನ್ನು ಹೇಳಿದಳು. ಸುದ್ದಿ ತಿಳಿದು ಅಮ್ಮನೂ ಅಜ್ಜನೂ ಹೋದಾಗ ಹೆಣವನ್ನು ಜಗಲಿಯ ಮೇಲೆ ಮಲಗಿಸಿದ್ದರಂತೆ. ಕುತ್ತಿಗೆಯವರೆಗೂ ಸೀರೆ ಹೊದಿಸಿದ್ದರು. ಅಮ್ಮ ತಂಗಿಯ ಮುಖ ಸವರಲು ಹೋದಾಗ ಸೀರೆ ಸರಿಯಿತು.

"ಕೊರಳಲ್ಲಿ ಕೈಬೆಳ್ಳಿನ ಗುರುತಿತ್ತು. ಎರಡೂ ಕಡೆ. ನಾನು ಅಪ್ಪುನ್ನ ಕರ್ದು ತೋರಿಸ್ದೆ. ಅಪ್ಪ ನೋಡ್ತು. ನೋಡಿ ಸೀರೆ ಎಳ್ದು ಮುಚ್ತು."

ಊರಿನ ಹಿರಿಯರು ಸೇರಿದರು. ಹೆಣ್ಣು ಮಗು ಇದೆ, ತಂದೆ ಜೈಲಿಗೆ ಹೋದರೆ ಅದರ ಗತಿ ಏನು ಎಂದರು. ಹೋದವಳು ಬರುವುದಿಲ್ಲ ಎಂದರು. ಪೊಲೀಸರು ಬಂದು ಗಂಡನ ತಾಯಿಯನ್ನು ಕೇಳಿದರು. ಆಕೆ ಕಾಲು ಜಾರಿದ್ದನ್ನು ಕಣ್ಣಾರೆ ಕಂಡೆ ಎಂದಳು. ಅಲ್ಲಿಗೆ ಮುಗಿಯಿತು. ಮಗುವನ್ನಾದರೂ ಕೊಡಿ ಎಂದು ಅಮ್ಮ ಕೈ ಚಾಚಿದಾಗ ಅದೇ ಹೆಂಗಸು ಮಗುವನ್ನು ಅವುಚಿಕೊಂಡು ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ಅಜ್ಜ ಅಮ್ಮನ ರಟ್ಟೆ ಹಿಡಿದು ಬಸ್ಸು ಹತ್ತಿಸಿದ. ಬೇಲೂರಿನಲ್ಲಿ ಬಸ್ಸು ಬದಲಿಸುವಾಗ, "ಇದ್ನ ಯಾರ ಮುಂದೂ ಆಡ್ಬ್ಯಾಡ" ಎಂದ. ಆಮೇಲೆ ಅಜ್ಜ ಹೆಚ್ಚು ವರ್ಷ ಬದುಕಲಿಲ್ಲ.

"ಅಮ್ಮಾ, ಇಷ್ಟು ವರ್ಷ ನನಗಾದರೂ ಹೇಳಬಾರದಿತ್ತಾ?"

"ಏನಂತ ಹೇಳ್ಲೇ? ಅಪ್ಪ ಆಡ್ಬ್ಯಾಡ ಅಂದಿತ್ತು. ಆಡಿದ್ರೆ ತಾನೇ ಏನ್ ಬಂತು ಅಂತ ನಾನೂ ಸುಮ್ನಾದೆ." ಲೋಟವನ್ನು ಕೆಳಗಿಟ್ಟಳು. ಕಾಫಿ ಆರಿಹೋಗಿತ್ತು. "ಇವತ್ತು ಆ ಹೆಂಗ್ಸಿನ್ ನೋಡ್ದೆ. ತರಕಾರಿ ಮಾರೋಳು. ಓದು ಬರ ಇಲ್ಲ. ಅಷ್ಟ್ ಜನದ ಮುಂದೆ ಕೂತ್ಕಂಡು ಮಗ್ಳು ಹೆಸ್ರು ಎಷ್ಟ್ ಸಲ ಹೇಳ್ತಲ್ಲ. ನಾನು ಒಂದ್ ಸಲಾನೂ ಹೇಳ್ನಿಲ್ಲ."

ಆಮೇಲೆ ಹೇಳಿದಳು. ತಂಗಿಯ ಹೆಸರನ್ನು. ಮೊದಲು ಮೆಲ್ಲಗೆ, ಇನ್ನೊಮ್ಮೆ ಸ್ವಲ್ಪ ಗಟ್ಟಿಯಾಗಿ. ಗೋಡೆಗೆ ಒರಗಿ ನಿಂತಿದ್ದ ಮಗಳು ಬಂದು ಅಜ್ಜಿಯ ಕಾಲ ಹತ್ತಿರ ಕೂತಳು. ಆ ಹೆಸರನ್ನು ಅವಳು ಅದೇ ಮೊದಲು ಕೇಳುತ್ತಿದ್ದದ್ದು.

ಮಾರನೆಯ ದಿನ ಅಮ್ಮ ನನ್ನನ್ನು ಕೇಳಿದ್ದು ನ್ಯಾಯದ ಮಾತಲ್ಲ, ಪೊಲೀಸಿನ ಮಾತಲ್ಲ. "ಆ ಕೂಸು ಎಲ್ಲೈತೋ ನೋಡೇ" ಎಂದಳು.

ಗಣಿತದ ಮೇಡಂ ತವರು ಬೇಲೂರು ತಾಲ್ಲೂಕು. ಅವರಿಗೆ ಎಲ್ಲವನ್ನೂ ಹೇಳಿದೆ. ಸ್ಟಾಫ್ ರೂಮಿನಲ್ಲಿ ನಕ್ಕಿದ್ದು ಇಬ್ಬರಿಗೂ ನೆನಪಾಯಿತು. ಅವರು ತಮ್ಮ ಅಣ್ಣನ ಕಡೆಯಿಂದ ವಿಚಾರಿಸಿ ಕೆಲವೇ ದಿನದಲ್ಲಿ ಬಂದು ಹೇಳಿದರು. "ಇದ್ದಾಳೆ ಕಣ್ರೀ. ಬಿಕ್ಕೋಡಿನ ಹತ್ರ ನರ್ಸರಿ ಇಟ್ಕೊಂಡಿದ್ದಾಳೆ, ಕಾಫಿ ಸಸಿ, ಮೆಣಸಿನ ಬಳ್ಳಿ ಎಲ್ಲ ಮಾರ್ತಾಳಂತೆ. ಗಂಡ ಜೀಪ್ ಓಡಿಸ್ತಾನೆ. ಒಂದು ಹೆಣ್ಣು ಮಗು. ಇವಳ ಅಪ್ಪ ಕುಡಿದು ಕುಡಿದು ಸತ್ತು ತುಂಬಾ ವರ್ಷ ಆಯ್ತಂತೆ." ನಂಬರನ್ನೂ ಕೊಟ್ಟರು.

ಆ ಮನುಷ್ಯ ಸತ್ತ ಸುದ್ದಿ ಕೇಳಿ ಅಮ್ಮ ತಲೆಗೆ ಸೆರಗು ಹೊದ್ದುಕೊಂಡು ಹೊರಗೆ ಹೋಗಿ ಒಣಹಾಕಿದ್ದ ಕೊಬ್ಬರಿಯನ್ನು ಮಗುಚಿ ಹಾಕಿ ಬಂದಳು.

ನಾನೇ ಫೋನ್ ಮಾಡಿದೆ. ನಾನು ಯಾರೆಂದು ಹೇಳಿದೆ. ಹಿಂದೆ ಮಳೆಯ ಸದ್ದು, ಯಾರೋ ಗಿರಾಕಿ ಸಸಿಯ ಬೆಲೆ ಕೇಳುತ್ತಿದ್ದ ಸದ್ದು. "ನಾನು ಈಗ ಕೆಲಸದಲ್ಲಿದ್ದೀನಿ" ಎಂದು ಇಟ್ಟುಬಿಟ್ಟಳು. ನಾನು ಮತ್ತೆ ಮಾಡಲಿಲ್ಲ. ನಮ್ಮ ಬಗ್ಗೆ ಅವಳಿಗೆ ಏನೇನು ಹೇಳಿ ಬೆಳೆಸಿದ್ದಾರೋ, ತಾಯಿ ಸತ್ತ ಮೇಲೆ ಒಂದು ದಿನವೂ ತಿರುಗಿ ನೋಡದ ಜನ ಎಂದು ಅವಳಿಗೆ ಸಿಟ್ಟಿದ್ದರೂ ತಪ್ಪಿಲ್ಲ ಎಂದುಕೊಂಡೆ. ಅಮ್ಮ ದಿನಾ ಸಂಜೆ ನಾನು ಶಾಲೆಯಿಂದ ಬರುವುದನ್ನೇ ಕಾದು, ಚಪ್ಪಲಿ ಬಿಡುವ ಮುಂಚೆ ನನ್ನ ಮುಖ ನೋಡುತ್ತಿದ್ದಳು. ನಾನು ತಲೆ ಆಡಿಸುತ್ತಿದ್ದೆ.

ಮಳೆಗಾಲ ಮುಗಿಯುತ್ತಾ ಬಂದಿತ್ತು. ಒಂದು ಬೆಳಗ್ಗೆ ನಾನು ಪ್ರಾರ್ಥನೆಗೆ ಮಕ್ಕಳನ್ನು ಸಾಲು ನಿಲ್ಲಿಸುತ್ತಿದ್ದಾಗ ಫೋನ್ ಬಂತು.

"ಅಕ್ಕಾ, ಅವತ್ತು ಫೋನ್ ಇಟ್ಟಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಭಾನುವಾರ ಹಳೇಬೀಡಿಗೆ ಸಸಿ ತಗೊಂಡು ಬರ್ತಾ ಇದ್ದೀನಿ. ದೊಡ್ಡ ದೇವಸ್ಥಾನದ ಹತ್ರ ಜನ ಜಾಸ್ತಿ. ಬಸದಿ ಹತ್ರ ಬನ್ನಿ. ದೊಡ್ಡಮ್ಮನೂ ಬರ್ತಾರಾ?"

ಅವಳು 'ಅಕ್ಕಾ' ಎಂದಳು, 'ದೊಡ್ಡಮ್ಮ' ಎಂದಳು. ಮಕ್ಕಳ ಸಾಲಿನ ಮುಂದೆ ನಿಂತು ನಾನು ಕಣ್ಣೊರೆಸಿಕೊಂಡೆ.

ಜಾವಗಲ್ ಮೇಲೆ ಹೋಗುವ ಬಸ್ಸಿನಲ್ಲಿ ನಾನೂ ಅಮ್ಮನೂ ಹೊರಟೆವು. ಅಮ್ಮ ಕಾಯಿ ಒಬ್ಬಟ್ಟು ಮಾಡಿ ಡಬ್ಬಿಯಲ್ಲಿ ತುಂಬಿಸಿಕೊಂಡಿದ್ದಳು. ಅವಳ ಟ್ರಂಕಿನ ತಳದಲ್ಲಿದ್ದ ಒಂದು ಫೋಟೋವನ್ನು ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟುಕೊಂಡಿದ್ದಳು. ದಾರಿಯುದ್ದಕ್ಕೂ ಒಂದೇ ಮಾತು: "ಅವ್ಳ ಥರಾನೇ ಇದ್ದಾಳೇನೋ. ಅದೇ ಮೂಗು ಇರ್ಬೇಕು."

ಬಸದಿಯ ಮುಂದಿನ ಹುಲ್ಲಿನ ಮೇಲೆ, ಒಂದು ಮರದ ನೆರಳಲ್ಲಿ ಅವಳು ಒಬ್ಬಳೇ ನಿಂತಿದ್ದಳು. ನಮ್ಮನ್ನು ಕಂಡು ಎರಡು ಹೆಜ್ಜೆ ಮುಂದೆ ಬಿಸಿಲಿಗೆ ಬಂದು ನಿಂತಳು. ನನ್ನ ತೋಳು ಹಿಡಿದಿದ್ದ ಅಮ್ಮನ ಕೈ ಬಿಗಿಯಾಯಿತು. ಆ ಮುಖದಲ್ಲಿ ಚಿಕ್ಕಮ್ಮ ಇರಲಿಲ್ಲ. ಅಗಲವಾದ ಹಣೆ, ಕೂಡಿದ ಹುಬ್ಬು, ಗದ್ದದ ಗುಳಿ. ಮದುವೆ ಮನೆಯಲ್ಲಿ ನಾನು ನೋಡಿದ್ದ ಚಿಕ್ಕಪ್ಪನ ಮುಖ ಅದು.

ನಾವು ಏನೂ ಹೇಳುವ ಮುಂಚೆ ಅವಳೇ ಹೇಳಿದಳು. "ನಾನು ಅಪ್ಪನ ಹಾಗಿದ್ದೀನಿ ದೊಡ್ಡಮ್ಮ. ಗೊತ್ತು ನಂಗೆ. ಅದಕ್ಕೇ ಬರೋಕೆ ಹೆದರಿಕೆ ಆಗ್ತಿತ್ತು. ನನ್ನ ನೋಡಿ ನೀವು ಮುಖ ತಿರುಗಿಸಿಬಿಟ್ರೆ ಅಂತ."

ಅಮ್ಮ ನನ್ನ ತೋಳು ಬಿಟ್ಟು ಅವಳ ಹತ್ತಿರ ಹೋದಳು. ಆಮೇಲೆ, "ಮುಖ ಯಾರ್ದಾದ್ರೆ ನಂಗೇನು" ಎಂದಳು. "ಬಿಸ್ಲಲ್ಲಿ ನಿಂತಿದ್ದೀಯ. ಬಾ ಕೂತ್ಕ."

ಮೂವರೂ ಹುಲ್ಲಿನ ಮೇಲೆ ಕೂತೆವು. ಸ್ವಲ್ಪ ದೂರದಲ್ಲಿ ಯಾವುದೋ ಶಾಲೆಯ ಮಕ್ಕಳು ಟೂರಿಗೆ ಬಂದಿದ್ದವು, ಅವುಗಳ ಗಲಾಟೆ ಕೇಳಿಸುತ್ತಿತ್ತು. ಅವಳು ನೇರವಾಗಿ ವಿಷಯಕ್ಕೆ ಬಂದಳು. ಬಹಳ ದಿನ ಮನಸ್ಸಿನಲ್ಲೇ ಹೇಳಿಕೊಂಡು ಅಭ್ಯಾಸ ಮಾಡಿದಂತಿತ್ತು ಅವಳ ಮಾತು.

"ಅಮ್ಮ ಹೇಗೆ ಹೋದ್ರು ಅಂತ ನಂಗೆ ಗೊತ್ತು. ನಮ್ಮಜ್ಜಿ, ಅಪ್ಪನ ತಾಯಿ, ಹಾಸಿಗೆ ಹಿಡಿದಾಗ ಹೇಳಿದ್ರು. ಅಪ್ಪ ಕುಡಿದು ಬಂದು ಜಗಳ ಆಡಿ ಕುತ್ತಿಗೆ ಹಿಚುಕಿದ್ರಂತೆ. ಅಜ್ಜಿ ಬಿಡಿಸೋಕೆ ಬರೋ ಹೊತ್ತಿಗೆ ಆಗಿಹೋಗಿತ್ತಂತೆ. ಬಾವಿಗೆ ಹಾಕಿದ್ದು ಆಮೇಲೆ. ಪೊಲೀಸ್ನೋರ ಮುಂದೆ ಸುಳ್ಳು ಹೇಳಿದೆ, ಮಗನ್ನ ಉಳಿಸ್ಕೋಬೇಕು, ನಿನ್ನನ್ನೂ ಬಿಟ್ಟುಕೊಡಬಾರದು ಅಂತ ಹೇಳಿದೆ ಅಂತ ಅತ್ರು."

ಅಮ್ಮನ ಮುಖ ಕೆಂಪಾಯಿತು. ಆ ಹೆಂಗಸನ್ನು, ಆ ಅಗುಳಿಯ ಸದ್ದನ್ನು, ಅಮ್ಮ ಎಷ್ಟು ವರ್ಷ ಎದೆಯಲ್ಲಿಟ್ಟುಕೊಂಡಿದ್ದಳೋ.

"ಆ ಮುದ್ಕಿ..." ಎಂದಳು.

"ಬೈಬೇಡಿ ದೊಡ್ಡಮ್ಮ." ಅವಳು ಅಮ್ಮನ ಕೈ ಮೇಲೆ ಕೈಯಿಟ್ಟಳು. "ತಪ್ಪು ಮಾಡಿದ್ರು. ಆದ್ರೆ ನನ್ನ ಸಾಕಿದ್ದೂ ಅವರೇ. ಅಪ್ಪ ಇನ್ನೊಂದು ಮದುವೆಗೆ ಹೊರಟಾಗ, ಇನ್ನೊಂದು ಹೆಣ್ಣಿನ ಜೀವ ತೆಗೆಯೋಕೆ ಬಿಡಲ್ಲ ಅಂತ ಹೆಣ್ಣಿನ ಮನೆಗೇ ಹೋಗಿ ತಪ್ಪಿಸಿ ಬಂದ್ರಂತೆ. ತೋಟದಲ್ಲಿ ಕೂಲಿ ಮಾಡಿ ನನ್ನನ್ನ ಡಿಗ್ರಿ ಓದಿಸಿದ್ರು. ನಾನು ಅವರನ್ನ ಪೂರ್ತಿ ಕ್ಷಮಿಸಿಲ್ಲ. ಪೂರ್ತಿ ಬಿಡೋಕೂ ಆಗಲ್ಲ. ನೀವು ಬೈದ್ರೆ ನಂಗೆ ಇಲ್ಲಿ ಕೂರೋಕೆ ಆಗಲ್ಲ."

ಅಮ್ಮ ಹುಲ್ಲಿನ ಎಸಳು ಕೀಳುತ್ತಾ ಕೂತಳು. ಶಾಲೆಯ ಮಕ್ಕಳ ಗುಂಪು ಬಸ್ಸು ಹತ್ತಿ ಹೋಯಿತು.

"ನಿಂಗೆ ಜಡೆ ಹಾಕ್ತಿದ್ದೋರು ಯಾರು?" ಎಂದು ಕೇಳಿದಳು ಕೊನೆಗೆ.

"ಅಜ್ಜೀನೇ."

"ಹುಷಾರಿಲ್ದಾಗ?"

"ಅಜ್ಜಿ. ಬಿಕ್ಕೋಡಿಂದ ಬೇಲೂರು ಆಸ್ಪತ್ರೆಗೆ ಹೊತ್ಕೊಂಡು ಹೋಗೋರು, ಬಸ್ ಇಲ್ಲದಿದ್ರೆ ಯಾವ್ದಾದ್ರೂ ಜೀಪ್ ನಿಲ್ಲಿಸಿ."

"ಸರಿ. ಬೈಯಲ್ಲ ಬಿಡು" ಎಂದಳು ಅಮ್ಮ. ಆ ಮಾತು ಹೇಳುವುದು ಅವಳಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು. ಆದರೆ ಅಂದ ಮೇಲೆ ಅಮ್ಮ ಆ ಮಾತಿಗೆ ನಿಂತಳು. ಇವತ್ತಿನವರೆಗೂ ನಾನು ಅವಳ ಬಾಯಲ್ಲಿ ಆ ಮುದುಕಿಯ ಬಗ್ಗೆ ಕೆಟ್ಟ ಮಾತು ಕೇಳಿಲ್ಲ.

ಒಬ್ಬಟ್ಟಿನ ಡಬ್ಬಿ ತೆಗೆದೆವು. ಅವಳು ಒಂದನ್ನು ತಿಂದು ಇನ್ನೊಂದಕ್ಕೆ ಕೈ ಹಾಕುತ್ತಾ ನನ್ನನ್ನು ಕೇಳಿದಳು. "ಅಕ್ಕಾ, ಇಷ್ಟು ವರ್ಷ ಆದ್ಮೇಲೆ ಈಗ ಹೇಗೆ ನೆನಪಾಯ್ತು ನನ್ನದು?"

ನಾನು ಡಾಕ್ಯುಮೆಂಟರಿಯ ವಿಷಯ ಹೇಳಿದೆ. ತರಕಾರಿ ಮಾರುವ ತಾಯಿ, ಬಟಾಣಿ ಬಿಡಿಸುತ್ತಾ ಆಡಿದ ಮಾತು, ಉಪ್ಪು ಜಾಸ್ತಿಯಾದ ಸಾರು, ಸೆರಗು ಎಡವಿ ನಕ್ಕ ಮದುವಣಗಿತ್ತಿ. ಅವಳು ತಿನ್ನುವುದನ್ನು ನಿಲ್ಲಿಸಿ ಕೇಳಿದಳು.

"ನಂಗೆ ಅಮ್ಮನ ಸಾವು ಗೊತ್ತು" ಎಂದಳು. "ಎಲ್ಲಿ, ಹೇಗೆ, ಯಾವ ಬಾವಿ, ಎಲ್ಲಾ ಗೊತ್ತು. ಆದ್ರೆ ಅಮ್ಮ ಕೋಪ ಬಂದಾಗ ಏನು ಮಾಡ್ತಿದ್ರು ಅಂತ ಗೊತ್ತಿಲ್ಲ. ನಗ್ತಾ ಇದ್ರಾ? ಅದನ್ನ ಹೇಳೋರೇ ಯಾರೂ ಇರ್ಲಿಲ್ಲ. ಒಂದು ಫೋಟೋನೂ ಇಲ್ಲ. ಇದ್ದಿದ್ದೆಲ್ಲ ಅಪ್ಪ ಒಲೆಗೆ ಹಾಕಿದ್ರಂತೆ."

ಅಮ್ಮ ಬ್ಯಾಗಿನಿಂದ ಫೋಟೋ ತೆಗೆದಳು. ಅರಸೀಕೆರೆಯ ಸ್ಟುಡಿಯೋದಲ್ಲಿ ತೆಗೆಸಿದ್ದು. ಎರಡು ಜಡೆ ಹಾಕಿಕೊಂಡ ಪುಟ್ಟ ಹುಡುಗಿ ನಾನು, ನನ್ನ ಭುಜದ ಮೇಲೆ ಕೈಯಿಟ್ಟು ನಿಂತ ಚಿಕ್ಕಮ್ಮ. ಫೋಟೋದವನು ನಗಬಾರದು ಎಂದು ಗದರಿಸಿದ್ದ. ಚಿಕ್ಕಮ್ಮ ತುಟಿ ಒಳಗೆಳೆದುಕೊಂಡು ನಗು ತಡೆದಿದ್ದಾಳೆ. ಕೆನ್ನೆ ಉಬ್ಬಿದೆ, ಇನ್ನೊಂದು ಕ್ಷಣಕ್ಕೆ ಒಡೆಯುವಂತಿದೆ.

ಅವಳು ಆ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಲೇ ಇದ್ದಳು. ಆಗ ಅಮ್ಮ ಮೂಗು ಹಿಡಿದುಕೊಂಡಳು. ಆ ವಯಸ್ಸಿನಲ್ಲಿ, ಬಸದಿಯ ಮುಂದೆ, ಹೋಗಿ ಬರುವವರು ನೋಡುತ್ತಿರುವಾಗಲೇ, "ಪ್ರಯಾಣಿಕರ ಗಮನಕ್ಕೆ" ಎಂದಳು. ಉಪ್ಪಿಟ್ಟಿನ ರೈಲನ್ನು ಪೂರ್ತಿ ಹೇಳಿದಳು. ಚಿಕ್ಕಮ್ಮನ ಮಗಳು, ನನ್ನ ತಂಗಿ, ಮೊದಲು ಅರ್ಥವಾಗದೆ ನೋಡಿದಳು, ಆಮೇಲೆ ನಗಲು ಶುರುಮಾಡಿದಳು. ನಗುತ್ತಾ ನಗುತ್ತಾ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಅಮ್ಮ ಅವಳ ಬೆನ್ನು ತಟ್ಟುತ್ತಾ ಇನ್ನೊಂದು ಕಥೆಗೆ ಹೋದಳು. ಸಂಜೆಯ ಬಸ್ಸು ಬರುವವರೆಗೂ ಕಥೆ ಮುಗಿಯಲಿಲ್ಲ. ಅವಳ ಗಂಡ ಜೀಪು ತಂದು ರಸ್ತೆಯ ಪಕ್ಕ ನಿಲ್ಲಿಸಿ, ಹಾರ್ನ್ ಮಾಡದೆ ಸುಮ್ಮನೆ ಕಾದ. ಅಷ್ಟರಿಂದಲೇ ಅಮ್ಮನಿಗೆ ಅವನ ಮೇಲೆ ಒಳ್ಳೆಯ ಅಭಿಪ್ರಾಯ ಬಂತು.

ದಸರಾ ರಜೆಯಲ್ಲಿ ನಾವು ಬೇಲೂರಿನ ಮೇಲೆ ಬಿಕ್ಕೋಡಿಗೆ ಹೋದೆವು. ಅಂದು ಅಜ್ಜ ಯಾರ ಮುಂದೂ ಆಡಬೇಡ ಎಂದಿದ್ದ ಬೇಲೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಅಮ್ಮ ಸ್ವಲ್ಪ ಹೊತ್ತು ಅಲ್ಲೇ ಕಂಬ ಹಿಡಿದು ನಿಂತಳು. ನಾನು ನೀರು ಕೊಟ್ಟೆ. "ಏನಿಲ್ಲ ನಡಿ" ಎಂದಳು. ಹಳೇ ಮನೆಯನ್ನು ಮಾರಿ ಅವರು ಬೇರೆ ಕಡೆ ಮನೆ ಕಟ್ಟಿಕೊಂಡಿದ್ದರು. ಬಾವಿ ಇದ್ದ ಜಾಗ ಈಗ ಯಾರದೋ ತೋಟದ ಒಳಗೆ ಸೇರಿಹೋಗಿದೆಯಂತೆ. ನೋಡುತ್ತೀರಾ ಎಂದು ತಂಗಿ ಕೇಳಿದಳು. ಅಮ್ಮ ಬೇಡವೆಂದಳು.

ನರ್ಸರಿ ಮನೆಯ ಪಕ್ಕದಲ್ಲೇ. ಹಸಿರು ಬಲೆಯ ಚಪ್ಪರದ ಕೆಳಗೆ ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ಸಾಲುಸಾಲು ಕಾಫಿ ಸಸಿ. ಅಮ್ಮ ಒಂದೊಂದನ್ನೂ ಬಗ್ಗಿ ನೋಡುತ್ತಾ, ಅದೇಕೆ ಇದೇಕೆ ಎಂದು ಕೇಳುತ್ತಾ ನಡೆಯುತ್ತಿದ್ದಳು. ಅಷ್ಟರಲ್ಲಿ ತಂಗಿ ಅಡುಗೆಮನೆಯ ಬಾಗಿಲಿಗೆ ಬಂದು, ಚಪ್ಪರದ ಆ ತುದಿಯಲ್ಲಿ ಮಣ್ಣಲ್ಲಿ ಆಡುತ್ತಿದ್ದ ಮಗಳನ್ನು ಊಟಕ್ಕೆ ಕೂಗಿದಳು.

ಅವಳು ಕೂಗಿದ್ದು ಚಿಕ್ಕಮ್ಮನ ಹೆಸರು.

ಅಮ್ಮ ಬಗ್ಗಿದವಳು ಹಾಗೇ ನಿಂತಳು. ತಂಗಿ ಎರಡನೇ ಸಲ ಇನ್ನೂ ಜೋರಾಗಿ ಕೂಗಿದಳು, ಸಿಟ್ಟಿನಿಂದ, ಯಾವ ತಾಯಿಯಾದರೂ ಊಟಕ್ಕೆ ಬಾರದ ಮಗಳನ್ನು ಕೂಗುವ ಹಾಗೆ. "ಬಂದೇ ಇರಮ್ಮಾ" ಎಂದು ಅಷ್ಟೇ ಸಿಟ್ಟಿನ ಉತ್ತರ ಬಂತು. ಎಂಟೊಂಬತ್ತು ವರ್ಷದ ಹುಡುಗಿ, ಮೊಣಕಾಲೆಲ್ಲ ಮಣ್ಣು, ಸಸಿಗಳ ಸಾಲಿನ ನಡುವೆ ಓಡಿ ಬಂದು ನಮ್ಮನ್ನು ಕಂಡು ನಿಂತಳು.

"ಹೆಸರಿಡೋವಾಗ ಅಜ್ಜಿ ಇನ್ನೂ ಇದ್ರು" ಎಂದಳು ತಂಗಿ ನನ್ನ ಹತ್ತಿರ, ಮೆಲ್ಲಗೆ. "ಅವರೇ ಹೇಳಿದ್ದು, ಇದೇ ಹೆಸರಿಡು ಅಂತ."

ಅಮ್ಮ ಆ ಹುಡುಗಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಸೆರಗಿನಿಂದ ಅದರ ಮೊಣಕಾಲಿನ ಮಣ್ಣು ಒರೆಸುತ್ತಾ, ಹೆಸರೇನು ಎಂದು ಕೇಳಿದಳು. ಗೊತ್ತಿದ್ದೂ ಕೇಳಿದಳು. ಮಗು ಹೇಳಿತು. ಅಮ್ಮ, ಏನು, ಸರಿಯಾಗಿ ಕೇಳಿಸಲಿಲ್ಲ ಎಂದಳು. ಮಗು ಇನ್ನೂ ಗಟ್ಟಿಯಾಗಿ ಹೇಳಿತು.

ಸಂಕ್ರಾಂತಿಗೆ ಅವರೆಲ್ಲ ಅರಸೀಕೆರೆಗೆ ಬಂದರು. ಆ ಡಾಕ್ಯುಮೆಂಟರಿಯನ್ನು ನೋಡಬೇಕೆಂದು ತಂಗಿಯೇ ಕೇಳಿದಳು. ಮಕ್ಕಳನ್ನು ಹೊರಗೆ ಕಳಿಸಿ ನಾವು ಮೂವರೇ ಕೂತೆವು. ಮದುವೆಯ ವಿಡಿಯೋದವರೆಗೆ ನೋಡಿದಳು. ಆ ಹುಡುಗಿ ಎಡವಿ ನಕ್ಕಾಗ ಇವಳ ಮುಖದಲ್ಲೂ ಒಂದು ನಗು ಹಾದುಹೋಯಿತು. ಆಮೇಲೆ ಕ್ವಾರಿಯ ದಾರಿ ಬಂದಾಗ, "ಸಾಕು ಅಕ್ಕಾ. ಉಳಿದದ್ದು ಇನ್ಯಾವಾಗಾದ್ರೂ ನೋಡ್ತೀನಿ" ಎಂದು ಎದ್ದು ಹಿತ್ತಲಿಗೆ ಹೋದಳು. ನಾನು ನಿಲ್ಲಿಸಿದೆ. ಉಳಿದದ್ದನ್ನು ಅವಳು ಇನ್ನೂ ನೋಡಿಲ್ಲ.

ಆ ಚಿತ್ರದ ಬಗ್ಗೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನಮ್ಮ ಚಿಕ್ಕಮ್ಮನಿಗೆ ನ್ಯಾಯ ಸಿಗಲಿಲ್ಲ, ಇನ್ನು ಸಿಗುವುದೂ ಇಲ್ಲ. ಎಲ್ಲೋ ದೂರದ ಊರಿನ ಒಬ್ಬ ತಾಯಿ ತನ್ನ ಮಗಳನ್ನು ಬರೀ ಕೊಲೆಯಾದವಳು ಎಂದು ಬಿಟ್ಟುಕೊಡದೆ, ಉಪ್ಪು ಜಾಸ್ತಿ ಹಾಕುತ್ತಿದ್ದವಳು ಎಂದು ಹೇಳಿದಳು. ಅದನ್ನು ಕೇಳಿಸಿಕೊಂಡು ನಮ್ಮ ಅಮ್ಮ ಬಾಯಿ ಬಿಟ್ಟಳು. ಆ ತಾಯಿಗೆ ಇದು ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ.

ಮಾರನೆಯ ದಿನ ಎಲ್ಲರೂ ಊರ ಹತ್ತಿರದ ಮಾಲೇಕಲ್ಲು ಬೆಟ್ಟದ ದೇವಸ್ಥಾನಕ್ಕೆ ಹೋದೆವು. ಮೊಣಕಾಲು ನೋವೆಂದು ಅಮ್ಮ ಬೆಟ್ಟದ ಬುಡದಲ್ಲೇ ಕೂತಳು, ಜೊತೆಗೆ ನಾನು. ನನ್ನ ಮಗಳೂ ತಂಗಿಯ ಮಗಳೂ ಪಂದ್ಯ ಕಟ್ಟಿಕೊಂಡು ಮೆಟ್ಟಿಲು ಹತ್ತಿದರು, ತಂಗಿ ಹಿಂದಿನಿಂದ ಏದುಸಿರು ಬಿಡುತ್ತಾ ಹತ್ತಿದಳು. ಅವರು ಕಾಣದಾದ ಮೇಲೆ ಅಮ್ಮ ಹೇಳಿದಳು:

"ಕಾಫಿ ಹೂ ಬಿಡೋ ಹೊತ್ಗೆ ಬಾ ಅಂದವ್ಳೆ. ಹೋಗಿ ಒಂದ್ ತಿಂಗ್ಳಿದ್ದು ಬತ್ತೀನಿ. ನೀನು ರಜ ಗಿಜ ಹಾಕ್ಬ್ಯಾಡ. ನಂಗೆ ಬಸ್ಸು ಗೊತ್ತು."

ಮಾರ್ಚಿನಲ್ಲಿ ಒಬ್ಬಳೇ ಹೋದಳು. ಒಂದು ತಿಂಗಳು ಎಂದದ್ದು ದಾಟಿ ಎಷ್ಟೋ ದಿನವಾಯಿತು. ಹೂವು ಉದುರಿ ಕಾಯಿ ಕಚ್ಚಿದೆಯಂತೆ. ಯಾವಾಗ ಬರುತ್ತೀಯ ಎಂದು ಕೇಳಲು ನಿನ್ನೆ ಫೋನ್ ಮಾಡಿದೆ. ಹಿಂದೆ ಹುಡುಗಿಯ ಮಾತು, ತಂಗಿಯ ನಗು, ಸಲಿಕೆಯ ಸದ್ದು.

"ಚೀಲಕ್ಕೆ ಮಣ್ಣು ತುಂಬ್ತಾ ಇದೀವಿ ಕಣೇ" ಎಂದಳು ಅಮ್ಮ. "ಕೈಯೆಲ್ಲ ಕೆಸ್ರು. ಸಾಯಂಕಾಲ ಮಾಡು."